ಶಾರ್ಕ್ ಬೆನ್ನೇರಿದ ‘ಪೆಗಾ’

ಪ್ರಶ್ನೆ: ಇಂಗ್ಲಿಷ್ ಪದಬಂಧದಲ್ಲಿ ‘ಶಾರ್ಕಿನ ಜೊತೆಗಾರ ಮೀನು, ನಾಲ್ಕು ಅಕ್ಷರ’ ಎಂಬ ಸುಳಿವಿತ್ತು. ‘ರೆಮೊರಾ’ ಬರೆಯಹೋದರೆ ಮನೆ ಸಾಲಲಿಲ್ಲ. ಮರುದಿನ ಬಂದ ಉತ್ತರ ‘ಪೆಗಾ’. ಇದು ಬೇರೆ ಮೀನೇ? ಶಾರ್ಕಿನ ರಕ್ತ ಹೀರುತ್ತದೆಯೇ? ನಮ್ಮ ತುಂಗಭದ್ರಾ ಜಲಾಶಯದಲ್ಲಿ ಸಿಕ್ಕೀತೇ?
– ಓದುಗರೊಬ್ಬರು, ಮುನಿರಾಬಾದ್, ಕೊಪ್ಪಳ ಜಿಲ್ಲೆ

ಉತ್ತರ: ಬೇರೆಯಲ್ಲ, ನಿಮ್ಮ ರೆಮೊರಾವೇ. ‘ಪೆಗಾ’ ದಪ್ಪ ನಿಘಂಟುಗಳ ಮೂಲೆಯಲ್ಲಿ ಕುಳಿತಿರುವ ಪದ. ಪದಬಂಧ ಕಟ್ಟುವವರಿಗಲ್ಲದೆ ಇನ್ನಾರಿಗೂ ಅದರ ನೆನಪಾಗುವುದು ಅಪರೂಪ. ಸ್ಪ್ಯಾನಿಷಿನಲ್ಲಿ ‘ಪೆಗಾರ್’ ಎಂದರೆ ಅಂಟು, ಅಂಟಿಸು. ಹಡಗಿನ ಹಲಗೆಗಳ ಸಂದಿಗೆ ಬಳಿಯುವ ಕಪ್ಪು ರಾಳದ ಲ್ಯಾಟಿನ್ ಹೆಸರೇ ಅದರ ಬೇರು. ‘ರೆಮೊರಾ’ ಎಂದರೆ ಲ್ಯಾಟಿನ್ನಿನಲ್ಲಿ ತಡ. ಈ ಮೀನು ಅಂಟಿದರೆ ಹಡಗೇ ನಿಲ್ಲುತ್ತದೆಂದು ಪ್ರಾಚೀನ ರೋಮನ್ನರು ನಂಬಿದ್ದರು.

ರಕ್ತ ಹೀರಲು ಇದು ಜಿಗಣೆಯಲ್ಲ. ಶಾರ್ಕ್ ತಿಂದುಳಿದ ಚೂರುಗಳು, ಅದರ ಮೈಮೇಲಿನ ಪರೋಪಜೀವಿಗಳು ಇದರ ಊಟ. ಅಂಟುವುದೂ ಬಾಯಿಂದಲ್ಲ. ತಲೆಯ ಮೇಲೆ ಚಪ್ಪಲಿಯ ಅಟ್ಟೆಯನ್ನು ಒತ್ತಿದಂತೆ ಅಂಡಾಕಾರದ ಬಿಲ್ಲೆಯೊಂದಿದೆ, ಅದರಲ್ಲಿ ಸಾಲು ಸಾಲು ಅಡ್ಡಪಟ್ಟಿಗಳು. ಬೆನ್ನಿನ ಮೊದಲ ಈಜುರೆಕ್ಕೆಯೇ ಹೀಗೆ ರೂಪಾಂತರಗೊಂಡಿದೆ. ಶಾರ್ಕ್ ಮುನ್ನುಗ್ಗಿದಾಗ ನೀರು ಮೀನನ್ನು ಹಿಂದಕ್ಕೆ ತಳ್ಳುತ್ತದೆ. ತಳ್ಳಿದಷ್ಟೂ ಪಟ್ಟು ಬಿಗಿ, ಥೇಟ್ ಉಡದ ಹಿಡಿತ. ಬಿಡಿಸಿಕೊಳ್ಳಲು ಅದು ತಾನೇ ತುಸು ಮುಂದಕ್ಕೆ ಜಾರಿದರೆ ಸಾಕು.

ಈ ಗುಟ್ಟು ಕ್ಯೂಬಾದ ಮೂಲನಿವಾಸಿಗಳಿಗೆ ತಿಳಿದಿತ್ತು. ಅವರು ರೆಮೊರಾದ ಬಾಲಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಟ್ಟು, ಅದು ಆಮೆಗೆ ಅಂಟಿದ ಮೇಲೆ ಎರಡನ್ನೂ ಎಳೆದುಕೊಳ್ಳುವುದನ್ನು 1494ರಲ್ಲಿ ಕೊಲಂಬಸ್‌ನ ತಂಡ ನೋಡಿತೆಂದು ಆ ಯಾನದ ವರ್ಣನೆಗಳಲ್ಲಿದೆ. ಹಗ್ಗ ಎಳೆದಷ್ಟೂ ಹಿಡಿತ ಬಿಗಿ, ನೋಡಿ!

ಅಂದಹಾಗೆ, ಶಾರ್ಕಿಗೆ ಪೈಲಟ್ ಮೀನು ಎಂಬ ಇನ್ನೊಬ್ಬ ಜೊತೆಗಾರನಿದ್ದಾನೆ. ಮೈಮೇಲೆ ಪಟ್ಟೆಗಳಿವೆ, ಅಂಟುವುದಿಲ್ಲ, ಪಕ್ಕದಲ್ಲೇ ಈಜುತ್ತದೆ. ಅದೇ ಶಾರ್ಕಿಗೆ ದಾರಿ ತೋರಿಸುತ್ತದೆಂದು ನಾವಿಕರು ಹೇಳುತ್ತಿದ್ದರು. ಚಕ್ಕಡಿಯ ಕೆಳಗಿನ ನಾಯಿಯ ಕಥೆ!

ರೆಮೊರಾ ಕಡಲಿನದು, ಜಲಾಶಯದಲ್ಲಿ ಹುಡುಕಬೇಡಿ. ನಮ್ಮ ನದಿಗಳಲ್ಲಿ ಬಂಡೆಗೆ ಕಚ್ಚಿಕೊಳ್ಳುವ ಗರ್ರಾ ಎಂಬ ಸಣ್ಣ ಮೀನುಗಳಿವೆ; ಅವುಗಳ ಬಿಲ್ಲೆ ಇರುವುದು ಬಾಯಿಯ ಕೆಳಗೆ, ರೆಮೊರಾಕ್ಕೆ ನೆಂಟರಲ್ಲ.

ಮುಂದೆಂದಾದರೂ ಇದೇ ಸುಳಿವಿಗೆ ಏಳು ಮನೆ ಕಂಡರೆ ‘ಪೆಗಾಡೋರ್’ ಬರೆದು ನೋಡಿ. ಅದೂ ಇದೇ ಮೀನು.