ಯಾವ ಕಂಪನಿಯ ಚುನಾವಣಾ ಬಾಂಡ್ ಯಾವ ಪಕ್ಷಕ್ಕೆ ಹೋಯಿತು ಎಂದು ಪತ್ತೆ ಮಾಡುವುದು ಹೇಗೆ?

ಚುನಾವಣಾ ಬಾಂಡ್ ಎಂದರೆ ಬ್ಯಾಂಕಿನಿಂದ ಕೊಂಡು, ಹೆಸರು ಹೊರಬೀಳದಂತೆ ಪಕ್ಷಕ್ಕೆ ದೇಣಿಗೆ ಕೊಡಲು ಬಳಸುತ್ತಿದ್ದ ಪತ್ರ. ಚುನಾವಣಾ ಆಯೋಗದ ಜಾಲತಾಣದಲ್ಲಿ ಎರಡು ಪಟ್ಟಿಗಳಿವೆ: ಬಾಂಡ್ ಕೊಂಡವರದ್ದು, ನಗದು ಮಾಡಿಕೊಂಡ ಪಕ್ಷಗಳದ್ದು. 2024ರ ಮಾರ್ಚ್ 21ರಂದು ಪ್ರಕಟವಾದ ಆವೃತ್ತಿಯನ್ನೇ ತೆಗೆದುಕೊಳ್ಳಿ. ಅದಕ್ಕೂ ಒಂದು ವಾರ ಮೊದಲು ಬಂದದ್ದರಲ್ಲಿ ಬಾಂಡ್ ಸಂಖ್ಯೆಗಳಿಲ್ಲ, ಹೊಂದಿಸಲಾಗದು.

ಎರಡನ್ನೂ ಎಕ್ಸೆಲ್‌ಗೆ ಹಾಕಿ ಸಂಖ್ಯೆಯಿಂದ ಜೋಡಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಸಂಖ್ಯೆಯೊಂದೇ ಸಾಲದು, ಅದರ ಮುಂದಿನ ಅಕ್ಷರಗಳೂ ಬೇಕು. ಒಂದು ಕೋಟಿಯ ಬಾಂಡ್‌ಗೆ ‘ಒಸಿ’, ಹತ್ತು ಲಕ್ಷದ್ದಕ್ಕೆ ‘ಟಿಎಲ್’. ಅಕ್ಷರ ಬಿಟ್ಟರೆ ಬೇರೆ ಮೊತ್ತದ ಬಾಂಡ್ ಜೊತೆ ತಪ್ಪಾಗಿ ಹೊಂದಿಕೊಳ್ಳಬಹುದು. 2019ರ ಏಪ್ರಿಲ್ 12ಕ್ಕೆ ಮೊದಲಿನ ಖರೀದಿಗಳು ಪಟ್ಟಿಯಲ್ಲೇ ಇಲ್ಲ, ಹಾಗಾಗಿ ಕೆಲವಕ್ಕೆ ಜೋಡಿ ಸಿಗುವುದಿಲ್ಲ.

ಆಮೇಲೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಆ ಕಂಪನಿ ಹುಟ್ಟಿದ ದಿನಾಂಕ, ನಿರ್ದೇಶಕರು, ನಿವ್ವಳ ಲಾಭ ನೋಡಿ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 7.5ಕ್ಕಿಂತ ಹೆಚ್ಚು ದೇಣಿಗೆ ಕೊಡಬಾರದೆಂಬ ಮಿತಿಯನ್ನು 2017ರ ಹಣಕಾಸು ಕಾಯ್ದೆ ತೆಗೆದುಹಾಕಿತ್ತು. ನನ್ನ ಮಟ್ಟಿಗೆ ಇಡೀ ಬಾಂಡ್ ಯೋಜನೆಯ ಅತಿ ದೊಡ್ಡ ಅನ್ಯಾಯ ಅದೇ: ನಷ್ಟದಲ್ಲಿರುವ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದಾಗಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಯೋಜನೆಯ ಜೊತೆ ಈ ತಿದ್ದುಪಡಿಯನ್ನೂ ರದ್ದು ಮಾಡಿತು.

ಖರೀದಿಯ ದಿನಾಂಕವನ್ನು ಟೆಂಡರ್ ಆದೇಶ ಅಥವಾ ಜಾರಿ ನಿರ್ದೇಶನಾಲಯದ (ಇ.ಡಿ.) ದಾಳಿಯ ದಿನಾಂಕದ ಪಕ್ಕ ಇಟ್ಟು ನೋಡಬಹುದು. ಅವು ಹತ್ತಿರವಿದ್ದರೆ ಅದು ಪ್ರಶ್ನೆ ಕೇಳಲು ಆಧಾರ, ಲಂಚಕ್ಕೆ ಪುರಾವೆಯಲ್ಲ.