ಮೆಕ್ಸಿಕೊ ನಗರದಿಂದ ಪಿರಮಿಡ್ ಮತ್ತು ಗ್ವಾದಲೂಪೆ: ಹಿರಿಯರೊಂದಿಗೆ ಒಂದೇ ದಿನದಲ್ಲಿ ಆಗುತ್ತದೆಯೇ?

ಡಿಸೆಂಬರ್‌ನಲ್ಲಿ ಮೂರು ದಿನ ಮೆಕ್ಸಿಕೊ ನಗರದಲ್ಲಿರುತ್ತೀರಿ, ಜೊತೆಗೆ ಎಪ್ಪತ್ತರ ಆಸುಪಾಸಿನ ತಂದೆ ತಾಯಿ ಇದ್ದಾರೆ ಎಂದು ಬರೆದಿದ್ದೀರಿ. ತಿಯೋತಿಹುವಾಕಾನ್ ಎಂಬ ಪುರಾತನ ನಗರದ ಪಿರಮಿಡ್‌ಗಳನ್ನೂ ಗ್ವಾದಲೂಪೆ ಮಾತೆಯ ಬಸಿಲಿಕವನ್ನೂ (ಮೇರಿ ಮಾತೆಯ ದೊಡ್ಡ ಚರ್ಚ್) ಒಂದೇ ದಿನದಲ್ಲಿ ತೋರಿಸುವ ಗೈಡ್ ಸಮೇತದ ಪ್ರವಾಸಕ್ಕೆ ದುಡ್ಡು ಕಟ್ಟಬೇಕೋ, ನೀವೇ ಹೋಗಬೇಕೋ ಎಂಬುದು ನಿಮ್ಮ ಪ್ರಶ್ನೆ. ನಾನು ಫೆಬ್ರವರಿ ತಿಂಗಳೊಂದರಲ್ಲಿ ಅಮ್ಮನನ್ನು ಕರೆದುಕೊಂಡು ಇದೇ ಪ್ರವಾಸಕ್ಕೆ ಹೋಗಿದ್ದೆ. ಅವರಿಗೆ ಆಗ ಅರವತ್ತೆಂಟು, ಎರಡೂ ಮಂಡಿ ನೋವು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರ. ಹಾಗಾಗಿ ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗುತ್ತದೆ.

ಪ್ರವಾಸಕ್ಕೆ ಸೇರಿಕೊಳ್ಳಿ. ಆದರೆ ಪಿರಮಿಡ್ ಮೊದಲು, ಬಸಿಲಿಕ ಕೊನೆಗೆ ಇರುವಂಥದ್ದನ್ನೇ ಆರಿಸಿ. ಬಸಿಲಿಕ ತಲುಪಿದ ಮೇಲೆ ವ್ಯಾನಿಗೆ ಕೈಮುಗಿದು ಅಲ್ಲೇ ಉಳಿದುಬಿಡಿ.

ಹೀಗೇಕೆ ಹೇಳುತ್ತೇನೆ ಎಂದರೆ, ಬಸಿಲಿಕ ಊರಿನ ಉತ್ತರ ಭಾಗದಲ್ಲಿದೆ, ಪಿರಮಿಡ್‌ಗಳಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಆದ್ದರಿಂದ ಅನೇಕ ಪ್ರವಾಸದವರು ಬೆಳಗ್ಗೆ ಅಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ ಮುಂದೆ ಹೋಗುತ್ತಾರೆ. ಪಿರಮಿಡ್ ತಲುಪುವ ಹೊತ್ತಿಗೆ ನೆತ್ತಿ ಸುಡುವ ಬಿಸಿಲು, ಜನಜಾತ್ರೆ. ನಮ್ಮ ವ್ಯಾನಿನವರು ಪುಣ್ಯಕ್ಕೆ ಪಿರಮಿಡ್‌ಗೆ ಮೊದಲು ಹೋದರು. ಆದರೆ ಅವರಲ್ಲಿ ಬೇರೊಂದು ರೋಗವಿತ್ತು, ಅಂಗಡಿಯದು.

ಪಿರಮಿಡ್‌ಗಳು ಊರಿನಿಂದ ಸುಮಾರು 50 ಕಿ.ಮೀ. ಈಶಾನ್ಯಕ್ಕಿವೆ. ನೇರ ಹೋದರೆ ಒಂದು ಗಂಟೆಯ ದಾರಿ. ಏಳು ಗಂಟೆಗೆ ನಮ್ಮನ್ನು ಹತ್ತಿಸಿಕೊಂಡ ವ್ಯಾನ್ ಇನ್ನೂ ಐದು ಹೋಟೆಲುಗಳ ಬಾಗಿಲು ತಟ್ಟಿ ಊರು ಬಿಡುವಾಗ ಎಂಟೂವರೆ ಆಗಿತ್ತು. ಪಿರಮಿಡ್‌ನ ತುದಿ ಕಿಟಕಿಯಲ್ಲಿ ಕಾಣಿಸಿತು ಎನ್ನುವಷ್ಟರಲ್ಲಿ ವ್ಯಾನ್ ಎಡಕ್ಕೆ ತಿರುಗಿ ಒಂದು ಕರಕುಶಲ ಅಂಗಡಿಯ ಅಂಗಳದಲ್ಲಿ ನಿಂತಿತು. ಅಲ್ಲಿ ಹೋದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಟಿಕೆಟ್ ಮಾರುವಾಗ ಇದರ ಸುದ್ದಿಯೇ ಇರಲಿಲ್ಲ. ಅಲ್ಲಿ ಕೊಂಡ ಅಬ್ಸಿಡಿಯನ್ ಆಮೆ (ಜ್ವಾಲಾಮುಖಿಯ ಕಪ್ಪು ಗಾಜಿನಲ್ಲಿ ಕೆತ್ತಿದ್ದು) ಪಿರಮಿಡ್ ಪಕ್ಕದಲ್ಲಿ ತಿರುಗಾಡಿ ಮಾರುವವರ ಬಳಿ ಅರ್ಧ ಬೆಲೆಗೆ ಸಿಗುತ್ತಿತ್ತು ಎಂಬ ಹೊಟ್ಟೆಯುರಿ ಇನ್ನೂ ಇದೆ.

ಆದರೂ ಆ ಅಂಗಳದ ಮೊದಲ ಹತ್ತು ನಿಮಿಷವನ್ನು ಬಯ್ಯಲಾರೆ. ಅಲ್ಲಿನವನೊಬ್ಬ ಆಳೆತ್ತರದ ಕತ್ತಾಳೆ ಗಿಡದ ಮುಂದೆ ನಿಂತು ಎಲೆಯ ತುದಿಯ ಮುಳ್ಳನ್ನು ಕಚ್ಚಿ ಮುರಿದು, ಮೆಲ್ಲನೆ ಕೆಳಕ್ಕೆ ಜಗ್ಗಿದ. ಮುಳ್ಳಿನ ಹಿಂದೆಯೇ ಉದ್ದನೆಯ ನಾರು ಎಳೆಎಳೆಯಾಗಿ ಬಿಡಿಸಿಕೊಂಡು ಬಂತು. ಸೂಜಿ, ಅದಕ್ಕೆ ಪೋಣಿಸಿಯೇ ಇಟ್ಟ ದಾರ! ಅಮ್ಮ ಮುಂದೆ ಹೋಗಿ ಆ ನಾರನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, "ಇದು ನಮ್ಮ ಹೊಲದ ಬೇಲಿಯ ಕತ್ತಾಳೆ ಅಲ್ಲವೇನೋ? ಅಜ್ಜ ಇದನ್ನೇ ಕೆರೆಯಲ್ಲಿ ಕೊಳೆಹಾಕಿ ಹಗ್ಗ ಹೊಸೆಯುತ್ತಿದ್ದರು" ಎಂದರು. ಹೌದು, ಅದೇ ಕುಲ. ನಮ್ಮ ಬೇಲಿಗಳಿಗೆ ಅದು ಬಂದದ್ದೇ ಈ ಸೀಮೆಯಿಂದ. ಪಕ್ಕದಲ್ಲಿ ಪಾಪಾಸುಕಳ್ಳಿಯ ಮೇಲೆ ಬಿಳಿ ಹಿಟ್ಟಿನಂತೆ ಅಂಟಿಕೊಂಡಿದ್ದ ಹುಳುವೊಂದನ್ನು ಅವನು ಅಂಗೈಯಲ್ಲಿ ಹಿಸುಕಿದಾಗ ಕುಂಕುಮ ಕಲಸಿದಂತಹ ಕಡುಗೆಂಪು ಹರಡಿತು. ಸ್ಪೇನಿನವರು ಹಡಗು ತುಂಬ ಯೂರೋಪಿಗೆ ಸಾಗಿಸಿದ ಬಣ್ಣ ಇದು. ಕೊನೆಗೆ ಕತ್ತಾಳೆಯ ರಸ ಹುಳಿಯಿಸಿದ ಪುಲ್ಕೆ ಕೊಟ್ಟರು. ಈಚಲ ಹೆಂಡದ ಹಾಗೆ ಬೆಳ್ಳಗೆ, ಲೋಳೆಲೋಳೆ. ಅಮ್ಮ ನೋಡದಿದ್ದಾಗ ಒಂದು ಗುಟುಕು ಕುಡಿದೆ. ಇನ್ನೊಂದು ಗುಟುಕಿಗೆ ಮನಸ್ಸಾಗಲಿಲ್ಲ. ಇಷ್ಟಾದ ಮೇಲೆ ಒಳಗೆ ಬಿಟ್ಟರಲ್ಲ, ಆ ಬಳಿಕದ ಎಪ್ಪತ್ತು ನಿಮಿಷ ಬರೀ ವ್ಯಾಪಾರ. ದುಡ್ಡು ಕಟ್ಟುವ ಮೊದಲೇ "ಅಂಗಡಿಯಲ್ಲಿ ಎಷ್ಟು ಹೊತ್ತು, ಬಸಿಲಿಕದಲ್ಲಿ ಎಷ್ಟು ಹೊತ್ತು" ಎಂದು ಬರಹದಲ್ಲಿ ಕೇಳಿ. ಹಾರಿಕೆಯ ಉತ್ತರ ಬಂದರೆ ಬೇರೆಯವರನ್ನು ನೋಡಿ.

ಇನ್ನು ಪಿರಮಿಡ್. ಮೊದಲು ಕಾಲಿನ ವಿಚಾರ ಹೇಳುತ್ತೇನೆ, ನಿಮಗೆ ಬೇಕಾದದ್ದು ಅದೇ. ಈ ಬಯಲು ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇಲ್ಲಿನ ನೆಲವೇ ಎತ್ತರ. ನಾಲ್ಕು ಮೆಟ್ಟಿಲಿಗೇ ಏದುಸಿರು ಬಂದರೆ ಗಾಬರಿಯಾಗಬೇಡಿ. ಬಂದ ಮರುದಿನವೇ ಈ ಪ್ರವಾಸ ಇಟ್ಟುಕೊಳ್ಳಬೇಡಿ, ಮೂರನೆಯ ದಿನಕ್ಕಿರಲಿ. ನಡುವಿನ ರಾಜಬೀದಿಗೆ 'ಸತ್ತವರ ಬೀದಿ' ಎಂದು ಹೆಸರು. ಈಗ ನಡೆಯಲು ಸಿಗುವುದು ಸುಮಾರು ಎರಡು ಕಿ.ಮೀ., ಮರದ ನೆರಳು ಹುಡುಕಿದರೂ ಇಲ್ಲ. ನಕ್ಷೆಯಲ್ಲಿ ಸಪಾಟಾಗಿ ಕಾಣುತ್ತದೆ. ಆದರೆ ದಕ್ಷಿಣ ತುದಿಯ ಕೋಟೆಯಂಗಳದಿಂದ ಸೂರ್ಯ ಪಿರಮಿಡ್ ಕಡೆಗೆ ಬರುವಾಗ ಬೀದಿಗೆ ಅಡ್ಡಲಾಗಿ ಒಂದರ ಹಿಂದೆ ಒಂದು ಕಲ್ಲುಕಟ್ಟೆಗಳಿವೆ. ಪ್ರತಿಯೊಂದನ್ನೂ ಹತ್ತಿ ಇಳಿಯಬೇಕು, ಮೆಟ್ಟಿಲುಗಳು ಕಡಿದು. ಮಂಡಿ ನೋವಿನವರನ್ನು ಸೋಲಿಸುವುದು ಇವೇ. ನಾವು ಮೂರನೆಯ ಕಟ್ಟೆಯಲ್ಲಿ ಕೂತುಬಿಟ್ಟೆವು. ನೀವು ಗೈಡ್‌ಗೆ ಮೊದಲೇ ಹೇಳಿ: ಕೋಟೆಯಂಗಳವನ್ನು ಒಂದನೆಯ ಗೇಟಿನಿಂದ ನೋಡಿ ಮತ್ತೆ ವ್ಯಾನ್ ಹತ್ತಿ, ಎರಡನೆಯ ಅಥವಾ ಐದನೆಯ ಗೇಟಿಗೆ ಬಂದರೆ ಸೂರ್ಯ ಪಿರಮಿಡ್ ಹತ್ತಿರ, ಮೂರನೆಯ ಗೇಟಿಗೆ ಬಂದರೆ ಚಂದ್ರ ಪಿರಮಿಡ್. ತಂದೆಯವರಿಗೆ ಟೋಪಿ, ತಾಯಿಯವರಿಗೆ ಕೊಡೆ, ತಲೆಗೊಂದು ಲೀಟರ್ ನೀರು ಇರಲಿ.

ಹತ್ತುವ ಮಾತು ಬಿಡಿ. ಸೂರ್ಯ ಪಿರಮಿಡ್‌ನ ಎತ್ತರ ಸುಮಾರು 65 ಮೀಟರ್, ಬುಡದ ಒಂದೊಂದು ಬದಿ 220 ಮೀಟರ್‌ಗೂ ಮೇಲೆ. 2020ರಲ್ಲಿ ಕೋವಿಡ್ ಕಾಲದಲ್ಲಿ ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿದರು. ನಾನು ಹೋದಾಗ ಯಾವ ಪಿರಮಿಡ್ ಹತ್ತಲೂ ಬಿಡುತ್ತಿರಲಿಲ್ಲ. ಚಂದ್ರ ಪಿರಮಿಡ್‌ನ ಕೆಳಹಂತಕ್ಕೆ 2025ರಲ್ಲಿ ಮತ್ತೆ ಬಿಡತೊಡಗಿದರು. ಹಿರಿಯರ ಜೊತೆ ಹೋಗುವವರಿಗೆ ಈ ನಿಷೇಧ ಒಂದು ರೀತಿಯಲ್ಲಿ ವರವೇ. ಇಲ್ಲದಿದ್ದರೆ ನೀವು ಮೇಲೆ, ಅವರು ಕೆಳಗೆ ಬಿಸಿಲಲ್ಲಿ ಕಾಯುವ ಪರಿಸ್ಥಿತಿ.

ಗೈಡ್‌ಗೆ ಕೊಟ್ಟ ದುಡ್ಡು ವಸೂಲಾಗುವುದು ಇಲ್ಲಿಯೇ. ಅವನಿಲ್ಲದಿದ್ದರೆ ಇದು ಬರೀ ಕಲ್ಲುಗುಡ್ಡೆ. ಇದನ್ನು ಕಟ್ಟಿದವರು, ಸ್ಪೇನಿನವರು ಬರುವಾಗ ಇಲ್ಲಿ ಆಳುತ್ತಿದ್ದ ಅಜ್ಟೆಕರು ಎಂದು ನಾನು ನಂಬಿಕೊಂಡು ಹೋಗಿದ್ದೆ. ಅಲ್ಲ. ಅಜ್ಟೆಕರು ತಮ್ಮ ರಾಜಧಾನಿ ಕಟ್ಟಿಕೊಂಡದ್ದು 1325ರಲ್ಲಿ. ಅವರು ಬರುವಷ್ಟರಲ್ಲಿ ಈ ನಗರ ಸುಟ್ಟು ಹಾಳಾಗಿ ಏಳೆಂಟು ನೂರು ವರ್ಷ ಕಳೆದಿತ್ತು. ಇಷ್ಟು ದೊಡ್ಡದನ್ನು ದೇವತೆಗಳಲ್ಲದೆ ಇನ್ನಾರು ಕಟ್ಟಿಯಾರು ಎಂದುಕೊಂಡು ತಿಯೋತಿಹುವಾಕಾನ್ ಎಂಬ ಹೆಸರಿಟ್ಟರಂತೆ, 'ದೇವರುಗಳು ಹುಟ್ಟಿದ ಜಾಗ' ಎಂಬ ಅರ್ಥದಲ್ಲಿ. ಬೀದಿಯ ಹೆಸರೂ ಅವರದೇ, ಕಟ್ಟಡಗಳನ್ನು ಗೋರಿಗಳೆಂದು ತಪ್ಪು ತಿಳಿದದ್ದರಿಂದ. ಇಲ್ಲಿ ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂದು ಅಂದಾಜಿದೆ. ಅವರು ತಮ್ಮ ಊರನ್ನು ಏನೆಂದು ಕರೆದರು, ಯಾವ ಭಾಷೆ ಆಡಿದರು ಎಂಬುದು ಮಾತ್ರ ಇಂದಿಗೂ ಒಗಟು. ನಾವು ಹಾಸನದ ಕಡೆಯವರು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಕನ್ನಡ ಶಾಸನ ಕೆತ್ತುತ್ತಿದ್ದ ಸುಮಾರು 450ರ ಹೊತ್ತಿಗೆ ಈ ಬೀದಿ ಜನರಿಂದ ತುಂಬಿತ್ತು. ಅಲ್ಲಿನ ಹದಿನಾರು ಸಾಲನ್ನು ಇಂದಿಗೂ ಓದಬಹುದು. ಇಲ್ಲಿ ಇಡೀ ನಗರವಿದೆ, ಓದಲು ಒಂದು ಸಾಲಿಲ್ಲ.

ಗೋಡೆಗಳನ್ನು ಹತ್ತಿರದಿಂದ ನೋಡಲು ಹೇಳಿ. ದೊಡ್ಡ ಕಲ್ಲುಗಳ ನಡುವಿನ ಗಾರೆಯಲ್ಲಿ ಸಾಲಾಗಿ ಚಿಕ್ಕ ಚಿಕ್ಕ ಕಲ್ಲಿನ ಚೂರುಗಳನ್ನು ಒತ್ತಿರುತ್ತಾರೆ, ಹೋಳಿಗೆ ಹೂರಣದಲ್ಲಿ ಗಸಗಸೆ ಸಿಕ್ಕಿದ ಹಾಗೆ. ಅವು ಇರುವಲ್ಲೆಲ್ಲ ಇತ್ತೀಚಿನವರು ಮತ್ತೆ ಕಟ್ಟಿದ ಭಾಗ ಎಂದು ತಿಳಿಯಬೇಕು. ಇದನ್ನು ತಿಳಿದ ಮೇಲೆ ಅರ್ಧ ಊರು ಹೊಸದು ಎಂದು ಗೊತ್ತಾಗಿ ಸ್ವಲ್ಪ ಪಿಚ್ಚೆನಿಸುತ್ತದೆ. ಸೂರ್ಯ ಪಿರಮಿಡ್‌ನದು ಇನ್ನೂ ಬೇಸರದ ಕಥೆ. ದೇಶದ ಸ್ವಾತಂತ್ರ್ಯ ಹೋರಾಟದ ಶತಮಾನೋತ್ಸವಕ್ಕೆ, ಅಂದರೆ 1910ಕ್ಕೆ ಸಿದ್ಧವಾಗಲೆಂದು ಲಿಯೋಪೋಲ್ಡೊ ಬಾತ್ರೆಸ್ ಎಂಬ ಅಧಿಕಾರಿ 1905ರಿಂದ ಅಗೆಸಿದ ಭರದಲ್ಲಿ ಅದರ ಹೊರಪದರವನ್ನೇ ಕಿತ್ತುಹಾಕಿಸಿದರು.

ಕೋಟೆಯಂಗಳದಲ್ಲಿರುವ ಗರಿಯುಳ್ಳ ಸರ್ಪದ ಗುಡಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಕೇಸರದಂತೆ ಗರಿ ಬಿಚ್ಚಿದ ಹಾವಿನ ತಲೆಗಳು ಗೋಡೆಯಿಂದ ಹೊರಕ್ಕೆ ಚಾಚಿವೆ. ಇದರಡಿ ಕೈಗಳನ್ನು ಹಿಂದಕ್ಕೆ ಕಟ್ಟಿ ಬಲಿಕೊಟ್ಟ ನೂರಕ್ಕೂ ಹೆಚ್ಚು ಜನರ ಅಸ್ಥಿಗಳು ಸಿಕ್ಕಿವೆ. 2003ರಲ್ಲಿ ಮಳೆಗೆ ಇದರ ಎದುರಿನ ನೆಲ ಕುಸಿದು ಒಂದು ಸುರಂಗ ತೆರೆದುಕೊಂಡಿತು. ಸೆರ್ಹಿಯೊ ಗೋಮೆಸ್ ಎಂಬ ಪುರಾತತ್ತ್ವಜ್ಞರ ತಂಡ ವರ್ಷಗಟ್ಟಲೆ ಅದರ ಮಣ್ಣು ತೆಗೆದು, ಕೊನೆಯಲ್ಲಿ ದ್ರವರೂಪದ ಪಾದರಸ ಸಿಕ್ಕಿತೆಂದು 2015ರಲ್ಲಿ ತಿಳಿಸಿತು. ಪಾತಾಳದ ನದಿಯನ್ನು ತೋರಿಸಲು ಸುರಿದಿರಬಹುದು ಎಂಬುದು ಊಹೆ. ಈ ಕಥೆ ಕೇಳುವಾಗ ಅಮ್ಮನಿಗೆ ಮಂಡಿ ನೋವು ಮರೆತುಹೋಗಿತ್ತು.

ಊಟದ ಬಗ್ಗೆ: ಗೈಡ್ ಕರೆದೊಯ್ಯುವ ಬಫೆಯಲ್ಲಿ 'ತರಕಾರಿ' ಎಂದ ಅನ್ನಕ್ಕೂ ಕೋಳಿ ಸಾರು ಹಾಕಿರಬಹುದು, ಹುರುಳಿಕಾಯಿ ಬೀಜದ ಗೊಜ್ಜಿಗೆ ಹಂದಿ ಕೊಬ್ಬು ಹಾಕಿರಬಹುದು. 'ಸಿನ್ ಕಾರ್ನೆ' ಎಂದರೆ ಮಾಂಸ ಬೇಡ ಎಂದಷ್ಟೇ, ಕೋಳಿಯನ್ನು ಅವರು ಮಾಂಸದ ಲೆಕ್ಕಕ್ಕೆ ಹಿಡಿಯದೇ ಇರಬಹುದು. 'ಸಿನ್ ಪೊಯೊ, ಸಿನ್ ಮಾಂತೆಕಾ' (ಕೋಳಿ ಬೇಡ, ಹಂದಿ ಕೊಬ್ಬು ಬೇಡ) ಎಂದೂ ಸೇರಿಸಿ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿ ತಟ್ಟುವ ಬಿಸಿ ಟೋರ್ಟಿಯ, ಬೆಣ್ಣೆಹಣ್ಣಿನ ಗೊಜ್ಜು, ಸುಟ್ಟ ಪಾಪಾಸುಕಳ್ಳಿಯ ಎಲೆ ಇವಿಷ್ಟಕ್ಕೆ ಭಯವಿಲ್ಲ. ನಾವು ಟೋರ್ಟಿಯಕ್ಕೆ ಮನೆಯ ಚಟ್ನಿಪುಡಿ ಉದುರಿಸಿಕೊಂಡೆವು. ಪಕ್ಕದ ಮೇಜಿನವರೂ ಕೇಳಿ ಪಡೆದರು.

ಬಸಿಲಿಕಕ್ಕೆ ಬಂದಾಗ ನಾಲ್ಕು ಗಂಟೆ. "ನಲವತ್ತು ನಿಮಿಷ" ಎಂದ ಗೈಡ್. 1531ರ ಡಿಸೆಂಬರ್‌ನಲ್ಲಿ ಪಕ್ಕದ ತೆಪೆಯಾಕ್ ಗುಡ್ಡದ ಮೇಲೆ ಹ್ವಾನ್ ಡಿಯೇಗೊ ಎಂಬ ಸ್ಥಳೀಯ ಬಡವನಿಗೆ ಮೇರಿ ಮಾತೆ ಕಾಣಿಸಿಕೊಂಡಳು, ಅವನು ಹೊದ್ದ ಬಟ್ಟೆಯಲ್ಲಿ ಗುಲಾಬಿ ತುಂಬಿಕೊಂಡು ಬಿಷಪ್ ಮುಂದೆ ಸುರಿದಾಗ ಬಟ್ಟೆಯ ಮೇಲೆ ಆಕೆಯ ಚಿತ್ರ ಮೂಡಿತ್ತು ಎಂಬುದು ಭಕ್ತರ ನಂಬಿಕೆ. ಅದೇ ಗುಡ್ಡದಲ್ಲಿ ಮೊದಲು ತೊನಾಂತ್ಸಿನ್ ಎಂಬ ತಾಯಿ ದೇವತೆಗೆ ಪೂಜೆಯಿತ್ತು. ಚಿತ್ರದ ಮಾತೆಯ ಮೈಬಣ್ಣವೂ ಆ ನೆಲದವರದೇ. ಹಳೆಯ ಬಸಿಲಿಕ 1709ರದು. ಒಣಗಿದ ಕೆರೆಯ ಹೂಳಿನ ಮೇಲೆ ನಿಂತಿರುವುದರಿಂದ ಕಣ್ಣಿಗೆ ಕಾಣುವಷ್ಟು ವಾಲಿದೆ, ಒಳಗೆ ನಡೆದರೆ ಇಳಿಜಾರು ಪಾದಕ್ಕೇ ತಿಳಿಯುತ್ತದೆ. ಆ ಕಾರಣಕ್ಕೆ ಪಕ್ಕದಲ್ಲೇ 1976ರಲ್ಲಿ ದುಂಡನೆಯ ಹೊಸ ಬಸಿಲಿಕ ಕಟ್ಟಿ ಆ ಬಟ್ಟೆಯನ್ನು ಅಲ್ಲಿಗೆ ತಂದರು. ಗುಡ್ಡದ ಮೇಲಿನ ಚಾಪೆಲ್‌ಗೆ ತುಂಬಾ ಮೆಟ್ಟಿಲುಗಳಿವೆ, ಹಿರಿಯರಿಗೆ ಬೇಡ.

ಅಂಗಳದಲ್ಲಿ ಒಬ್ಬ ಹುಡುಗ ಮಂಡಿಯಲ್ಲೇ ನಡೆದು ಬರುತ್ತಿದ್ದ. ಅವನ ಅಕ್ಕನಿರಬೇಕು, ಅವನ ಮುಂದೆ ಒಂದು ಜಮಖಾನ ಹಾಸುವುದು, ಅವನು ದಾಟಿದ ಮೇಲೆ ಹಿಂದಿನಿಂದ ಎತ್ತಿ ಮತ್ತೆ ಮುಂದೆ ಹಾಸುವುದು ಮಾಡುತ್ತಿದ್ದಳು. ಅಮ್ಮ ತನ್ನ ಮಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ನೋಡಿದರು. ಒಳಗೆ ಬಟ್ಟೆಯನ್ನು ಬಲಿಪೀಠದ ಹಿಂದಿನ ಗೋಡೆಯಲ್ಲಿ, ಗಾಜಿನೊಳಗೆ, ಎತ್ತರದಲ್ಲಿ ಇಟ್ಟಿದ್ದಾರೆ. ಅದರ ಕೆಳಗೆ ವಿಮಾನ ನಿಲ್ದಾಣದಲ್ಲಿರುವಂತಹ ಚಲಿಸುವ ಪಟ್ಟಿಗಳಿವೆ. ನಿಂತರೆ ಸಾಕು, ಅದೇ ನಿಮ್ಮನ್ನು ದರ್ಶನ ಮಾಡಿಸಿ ಆಚೆ ಬಿಡುತ್ತದೆ. ತಿರುಪತಿಯ 'ಜರುಗಂಡಿ'ಯನ್ನು ಇಲ್ಲಿ ಯಂತ್ರವೇ ಹೇಳುತ್ತದೆ. ವ್ಯತ್ಯಾಸ ಇಷ್ಟೇ, ಮತ್ತೆ ಹತ್ತಬೇಡಿ ಎನ್ನುವವರಿಲ್ಲ. ಆ ಬಟ್ಟೆಯೂ ಕತ್ತಾಳೆ ನಾರಿನದು ಎಂದು ಹೇಳುತ್ತಾರೆ ಎಂದೆ. ಅಮ್ಮ ಏನೂ ಹೇಳದೆ ಇನ್ನೊಂದು ಸುತ್ತು ಹೋದರು, ಆಮೇಲೆ ಮತ್ತೊಂದು. ಐದನೆಯ ಸುತ್ತಿಗೆ ಹೊರಟಾಗ ನಲವತ್ತು ನಿಮಿಷ ಮುಗಿದಿತ್ತು. ಗೈಡ್‌ಗೆ ಫೋನ್ ಮಾಡಿ ನೀವು ಹೊರಡಿ ಎಂದೆ. ಹಿಂದಿನ ಬೆಂಚಿನಲ್ಲಿ ಕೂತು ಸಂಜೆಯ ಪೂಜೆ ಪೂರ್ತಿ ಕೇಳಿದೆವು. ಒಂದಕ್ಷರ ತಿಳಿಯಲಿಲ್ಲ, ಅಮ್ಮ ಎಲ್ಲರೂ ಎದ್ದಾಗ ಎದ್ದರು, ಕೂತಾಗ ಕೂತರು.

ಡಿಸೆಂಬರ್ ಎಂದಿರಿ, ತಾರೀಖು ಯಾವುದು? 12ರಂದು ಮಾತೆಯ ಹಬ್ಬ. ಆ ದಿನಗಳಲ್ಲಿ ದೇಶದ ಮೂಲೆಮೂಲೆಯಿಂದ ಲಕ್ಷಗಟ್ಟಲೆ ಜನ ಪಾದಯಾತ್ರೆ ಬರುತ್ತಾರೆ. 9ರಿಂದ 13ರವರೆಗೆ ಹಿರಿಯರನ್ನು ಆ ಕಡೆ ಕರೆದೊಯ್ಯಬೇಡಿ. ಪಿರಮಿಡ್‌ಗೆ ಭಾನುವಾರ ಬೇಡ, ಅಂದು ಅಲ್ಲಿನವರಿಗೆ ಪ್ರವೇಶ ಉಚಿತ. ತಂದೆ ತಾಯಿಯ ಭಾರತದ ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಿಲ್ಲ. ಬಸಿಲಿಕದ ಹತ್ತಿರವೇ ಲಾ ವಿಯಾ–ಬಸಿಲಿಕ ಎಂಬ ಮೆಟ್ರೊ ನಿಲ್ದಾಣವಿದೆ, ಆದರೆ ಸಂಜೆಯ ನೂಕುನುಗ್ಗಲಿಗೆ ಹೆದರಿ ನಾವು ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆದೆವು. ಗೈಡ್‌ನ ಟಿಪ್ಸನ್ನು ಊಟದ ಹೊತ್ತಿಗೇ ಕೊಟ್ಟುಬಿಡಿ. ಇಳಿಯುವಾಗ ಸೀಟಿನ ಕೆಳಗೆ ಒಮ್ಮೆ ನೋಡಿ, ಸೂರ್ಯ ಮುಳುಗಿದ ಮೇಲೆ ಅಲ್ಲಿ ನಡುಗುವ ಚಳಿ. ಅಮ್ಮನ ಸ್ವೆಟರ್ ಆ ವ್ಯಾನಿನಲ್ಲೇ ಹೋಯಿತು.