ಕಾಲೇಜು ಆಟ ನೋಡೋಕೆ ಎಷ್ಟು ಆ್ಯಪ್ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕದಿಂದ, ಇಲ್ಲವೇ ಮಕ್ಕಳನ್ನು ಅಲ್ಲಿಗೆ ಓದಲು ಕಳಿಸಿದ ಮನೆಗಳಿಂದ ಬಂದವು. ಎಲ್ಲರ ದೂರೂ ಒಂದೇ. ಅಲ್ಲಿನ ಕಾಲೇಜು ಪಂದ್ಯಗಳು ಟಿ.ವಿ. ಬಿಟ್ಟು ಸ್ಟ್ರೀಮಿಂಗ್ ಕಡೆ ಹೋಗುತ್ತಿವೆ. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ಮಗ ಒಹಾಯೊ ಸ್ಟೇಟ್‌ನಲ್ಲಿ ಓದಿದವನು. ಮನೆಯವರೆಲ್ಲ ಕೂತು ಅವರ ಅಮೆರಿಕನ್ ಫುಟ್‌ಬಾಲ್ ನೋಡುವುದು ನಮಗೆ ರೂಢಿ. ಕೇಬಲ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತೇವೆ. ಆದರೂ 2023ರಲ್ಲಿ ಪರ್ಡ್ಯೂ ಜೊತೆಗಿನ ಪಂದ್ಯ ಯಾವ ಚಾನೆಲ್‌ನಲ್ಲೂ ಸಿಗಲಿಲ್ಲ. ಯಾಕೆ ಹೀಗೆ? (ಕೊಲಂಬಸ್‌ನ ಓದುಗರು)

ಉತ್ತರ: ಆ ಪಂದ್ಯ ಪೀಕಾಕ್‌ನಲ್ಲಿ ಮಾತ್ರ ಇತ್ತು. ಪೀಕಾಕ್ ಅಂದರೆ ಎನ್‌ಬಿಸಿ ಚಾನೆಲ್ ಬಳಗದ್ದೇ ಸ್ಟ್ರೀಮಿಂಗ್ ಸೇವೆ. ಒಹಾಯೊ ಸ್ಟೇಟ್ ಇರುವುದು ಬಿಗ್ ಟೆನ್ ಎಂಬ ಗುಂಪಿನಲ್ಲಿ. ಇಂಥ ಗುಂಪಿಗೆ ಅಲ್ಲಿ ಕಾನ್ಫರೆನ್ಸ್ ಅನ್ನುತ್ತಾರೆ. ಕಾನ್ಫರೆನ್ಸ್ ತನ್ನ ಎಲ್ಲ ಕಾಲೇಜುಗಳ ಪರವಾಗಿ ಪ್ರಸಾರದ ಹಕ್ಕನ್ನು ಒಟ್ಟಿಗೆ ಮಾರಿ, ಬಂದ ಹಣವನ್ನು ಹಂಚುತ್ತದೆ. 2022ರ ಆಗಸ್ಟ್‌ನಲ್ಲಿ ಬಿಗ್ ಟೆನ್‌ನವರು ಫಾಕ್ಸ್, ಸಿಬಿಎಸ್, ಎನ್‌ಬಿಸಿ ಮೂವರ ಜೊತೆ 7 ವರ್ಷದ ಒಪ್ಪಂದ ಮಾಡಿಕೊಂಡರು. ಮೊತ್ತ 700 ಕೋಟಿ ಡಾಲರ್‌ಗೂ ಹೆಚ್ಚು. ವರ್ಷಕ್ಕೆ 8 ಫುಟ್‌ಬಾಲ್ ಪಂದ್ಯ ಪೀಕಾಕ್‌ಗೆ ಮಾತ್ರ ಅಂತ ಅದರಲ್ಲೇ ಸೇರಿತ್ತು. ಬ್ಯಾಸ್ಕೆಟ್‌ಬಾಲ್ ಪಂದ್ಯಗಳಂತೂ ಹತ್ತಾರು.

ಅವರ ಲೆಕ್ಕ ಸರಳ. ಅಮೆರಿಕದಲ್ಲಿ ಕೇಬಲ್ ಕೀಳಿಸುವ ಮನೆಗಳು ವರ್ಷ ವರ್ಷ ಹೆಚ್ಚುತ್ತಿವೆ. ಹೋದವರನ್ನು ಆ್ಯಪ್‌ಗೆ ಎಳೆಯಬೇಕು ಅಂದರೆ ಬೇರೆಲ್ಲೂ ಸಿಗದ್ದನ್ನು ಕೊಡಬೇಕು. ಸಿನಿಮಾವನ್ನು ಮುಂದಿನ ತಿಂಗಳು ನೋಡಿದರೂ ನಡೆಯುತ್ತದೆ, ಶನಿವಾರದ ಪಂದ್ಯವನ್ನು ಶನಿವಾರವೇ ನೋಡಬೇಕು ಅಲ್ವಾ? ಅವತ್ತು ಬೆಳಿಗ್ಗೆ ನಿಮ್ಮಂಥ ಎಷ್ಟೋ ಮನೆಯವರು ಬೇರೆ ದಾರಿ ಕಾಣದೆ ಕಾರ್ಡ್ ನಂಬರ್ ಒತ್ತುತ್ತಾರೆ.

ಇದು ಮೊದಲ ಸಲವೂ ಅಲ್ಲ. 2007ರ ಆಗಸ್ಟ್ ಕೊನೆಯಲ್ಲಿ ಬಿಗ್ ಟೆನ್ ತನ್ನದೇ ಚಾನೆಲ್ ಶುರು ಮಾಡಿತು. ಎರಡೇ ದಿನಕ್ಕೆ, ಸೆಪ್ಟೆಂಬರ್ 1ರಂದು, ದೊಡ್ಡ ಹೆಸರಿನ ಮಿಶಿಗನ್ ತಂಡವನ್ನು ಅದರ ಮನೆಯಂಗಳದಲ್ಲೇ ಅಪಲಾಚಿಯನ್ ಸ್ಟೇಟ್ ಎಂಬ ಸಣ್ಣ ತಂಡ 34-32ರಿಂದ ಸೋಲಿಸಿತು. ಕಾಲೇಜು ಫುಟ್‌ಬಾಲ್ ಕಂಡ ದೊಡ್ಡ ಅಚ್ಚರಿಗಳಲ್ಲಿ ಅದೊಂದು. ಅದು ಬಂದದ್ದು ಆ ಹೊಸ ಚಾನೆಲ್‌ನಲ್ಲಿ, ದೊಡ್ಡ ಕೇಬಲ್ ಕಂಪನಿಗಳು ಇನ್ನೂ ಆ ಚಾನೆಲ್ ಹಾಕಿಕೊಂಡಿರಲೇ ಇಲ್ಲ. ನನಗೆ ಬೇಸರ ಇರುವುದು ಇಲ್ಲೇ. ಪ್ರತಿ ಸಲ ಹೊಸ ಬಾಗಿಲು ಇಟ್ಟಾಗಲೂ ಹೊರಗೆ ನಿಲ್ಲುವವರು ಮೊದಲಿಂದ ದುಡ್ಡು ಕೊಟ್ಟುಕೊಂಡು ಬಂದವರೇ.

ಪ್ರಶ್ನೆ: ಈ ಮಾರಾಟವನ್ನು ಕಾನ್ಫರೆನ್ಸ್‌ಗಳೇ ಯಾಕೆ ಮಾಡಬೇಕು? ಮೇಲೆ ಒಂದು ಮಂಡಳಿ ಇಲ್ಲವೇ? (ಮೈಸೂರಿನ ಓದುಗರು)

ಉತ್ತರ: ಇದೆ, ಎನ್‌ಸಿಎಎ. ಮೊದಲು ಫುಟ್‌ಬಾಲ್ ಪ್ರಸಾರ ಪೂರ್ತಿ ಅವರ ಕೈಯಲ್ಲೇ ಇತ್ತು. ಯಾವ ತಂಡ ಎಷ್ಟು ಸಲ ಟಿ.ವಿ.ಯಲ್ಲಿ ಬರಬೇಕು ಎಂಬುದಕ್ಕೂ ಅವರೇ ಮಿತಿ ಹಾಕುತ್ತಿದ್ದರು. ಓಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯದವರು ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟು ಏಳು ಜನ ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ ನಿಂತು, ಎನ್‌ಸಿಎಎ ಹಿಡಿತ ತಪ್ಪು ಎಂದು ತೀರ್ಪು ಕೊಟ್ಟಿತು. ಅಲ್ಲಿಂದ ಮಾರಾಟ ಕಾನ್ಫರೆನ್ಸ್‌ಗಳ ಕೈಗೆ ಬಂತು. ನೋಟ್ರ್ ಡೇಮ್ ವಿಶ್ವವಿದ್ಯಾಲಯ ಮಾತ್ರ 1991ರಿಂದ ತನ್ನ ಮನೆಯಂಗಳದ ಪಂದ್ಯಗಳನ್ನು ತಾನೇ ಎನ್‌ಬಿಸಿಗೆ ಮಾರುತ್ತಾ ಬಂದಿದೆ.

ಪ್ರಶ್ನೆ: ನಾವು ಸಿಯಾಟಲ್‌ಗೆ ಬಂದು 14 ವರ್ಷ. ಇಲ್ಲಿನ ಪ್ಯಾಕ್-12 ಕಾನ್ಫರೆನ್ಸ್ ಒಡೆದು ಹೋಗಿದ್ದು ಆ್ಯಪಲ್ ಕಂಪನಿಯಿಂದ ಅನ್ನುತ್ತಾರೆ. ನಿಜವೇ? (ಸಿಯಾಟಲ್‌ನ ಓದುಗರು)

ಉತ್ತರ: ಅರ್ಧ ಮಾತ್ರ ನಿಜ. ಮನೆಗೆ ಬಿರುಕು ಮೊದಲೇ ಬಿದ್ದಿತ್ತು.

1915ರಲ್ಲಿ ಹುಟ್ಟಿದ ಗುಂಪು ಅದು. 2012ರಲ್ಲಿ ತನ್ನದೇ ಚಾನೆಲ್ ತೆರೆಯಿತು, ಬೇರೆ ಯಾರ ಪಾಲೂ ಇಲ್ಲದೆ. ಸ್ವಂತದ್ದು ಅನ್ನುವ ಹೆಮ್ಮೆ ಸರಿ, ಆದರೆ ಡೈರೆಕ್ಟ್‌ಟಿವಿಯಂಥ ದೊಡ್ಡ ಡಿಶ್ ಕಂಪನಿ ಆ ಚಾನೆಲನ್ನು ಕೊನೆವರೆಗೂ ಹಾಕಿಕೊಳ್ಳಲಿಲ್ಲ. ಬೇರೆ ಕಾನ್ಫರೆನ್ಸ್‌ಗಳ ಆದಾಯ ಏರುತ್ತಾ ಹೋಯಿತು, ಇವರು ಹಿಂದೆ ಬಿದ್ದರು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ಕಾಲೇಜುಗಳು, ಯುಎಸ್‌ಸಿ ಮತ್ತು ಯುಸಿಎಲ್‌ಎ, ನಾವು ಬಿಗ್ ಟೆನ್‌ಗೆ ಹೊರಟೆವು ಅಂದವು. ಆ ಊರಿನ ಟಿ.ವಿ. ಮಾರುಕಟ್ಟೆ ಕೈಬಿಟ್ಟ ಮೇಲೆ ಉಳಿದವರ ಹಕ್ಕಿಗೆ ಒಳ್ಳೆಯ ಬೆಲೆ ಕೊಡುವವರು ಎಲ್ಲಿ?

ಹುಡುಕಾಟ ಒಂದು ವರ್ಷ ದಾಟಿತು. 2023ರ ಜುಲೈ ಕೊನೆಗೆ ಕೊಲರಾಡೊ ಹೊರಟಿತು. ಆಗಸ್ಟ್ ಶುರುವಿನಲ್ಲಿ ಆ್ಯಪಲ್ ಪ್ರಸ್ತಾಪ ಮೇಜಿಗೆ ಬಂತು. ಹೆಚ್ಚುಕಡಿಮೆ ಎಲ್ಲ ಪಂದ್ಯವೂ ಆ್ಯಪ್‌ನಲ್ಲಿ, ಚಂದಾದಾರರು ಹೆಚ್ಚಿದ ಹಾಗೆ ಕಾಲೇಜುಗಳಿಗೆ ಹಣ ಹೆಚ್ಚು. ಅಂದರೆ ಕಾಲೇಜಿನವರೇ ಚಂದಾ ಮಾರಲು ನಿಲ್ಲಬೇಕಾದ ಹಾಗಿತ್ತು. ಆಗಸ್ಟ್ 4ಕ್ಕೆ ನಿಮ್ಮೂರಿನ ವಾಷಿಂಗ್ಟನ್ ಮತ್ತು ಆರೆಗನ್ ಬಿಗ್ ಟೆನ್ ಸೇರಿದವು. ಅದೇ ದಿನ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಮೂರೂ ಬಿಗ್ 12 ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೋದವು. ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಅಟ್ಲಾಂಟಿಕ್ ತೀರದ ಕಾನ್ಫರೆನ್ಸ್ ಸೇರಿದವು. ಪೆಸಿಫಿಕ್ ದಡದ ಮಕ್ಕಳು ಈಗ ಲೀಗ್ ಪಂದ್ಯಕ್ಕೆ ನ್ಯೂಜೆರ್ಸಿವರೆಗೆ ವಿಮಾನ ಹತ್ತುತ್ತಾರೆ, ವಾರದ ಮಧ್ಯೆ ಆಡುವ ಸಾಕರ್, ವಾಲಿಬಾಲ್ ಹುಡುಗಿಯರೂ ಸೇರಿ. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟ ಆಗುತ್ತದೆ.

ಕೊನೆಗೆ ಉಳಿದದ್ದು ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಕೊರ್ವಾಲಿಸ್, ಪುಲ್‌ಮನ್ ಎಂಬ ಸಣ್ಣ ಊರುಗಳ ಕಾಲೇಜುಗಳು ಅವು. ಚಾನೆಲ್ 2024ರ ಜೂನ್ ಕೊನೆಗೆ ಮುಚ್ಚಿತು. ಇವರಿಬ್ಬರೂ ಹೊಸಬರನ್ನು ಸೇರಿಸಿಕೊಂಡು ಮನೆ ಮತ್ತೆ ಕಟ್ಟಲು ಹೊರಟಾಗ ಸಿಬಿಎಸ್, ಸಿಡಬ್ಲ್ಯೂಗಳಂಥ ಮಾಮೂಲಿ ಟಿ.ವಿ. ಚಾನೆಲ್‌ಗಳ ಜೊತೆಗೇ ಒಪ್ಪಂದ ಮಾಡಿಕೊಂಡರು. ಸುಮ್ನೆ ಆದದ್ದಲ್ಲ ಅದು.

ಪ್ರಶ್ನೆ: ತಂಗಿಯ ಮಗಳು ಅಲ್ಲಿನ ಒಂದು ಸಣ್ಣ ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಾಳೆ. ಅವಳ ಪಂದ್ಯ ಎಲ್ಲ ಆ್ಯಪ್‌ನಲ್ಲೇ ಸಿಗುತ್ತದೆ, ಮನೆಯವರಿಗೆ ಖುಷಿಯೋ ಖುಷಿ. ನೀವು ಸ್ಟ್ರೀಮಿಂಗ್ ಅಂದರೆ ಬೈಯುತ್ತೀರಲ್ಲ? (ಧಾರವಾಡದ ಓದುಗರು)

ಉತ್ತರ: ಇದನ್ನು ಬೈಯುವುದಿಲ್ಲ, ಮನಸಾರೆ ಮೆಚ್ಚುತ್ತೇನೆ. ಇಎಸ್‌ಪಿಎನ್ ಕ್ರೀಡಾ ಚಾನೆಲ್‌ನ ಸ್ಟ್ರೀಮಿಂಗ್ ಸೇವೆ ಇಎಸ್‌ಪಿಎನ್ ಪ್ಲಸ್ ಶುರುವಾಗಿದ್ದು 2018ರ ಏಪ್ರಿಲ್‌ನಲ್ಲಿ. ಅದೇ ವರ್ಷ ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಅಲ್ಲಿಗೆ ಬಂತು, ಮರುವರ್ಷ ಬಿಗ್ 12 ಕೂಡ ಕೈಜೋಡಿಸಿತು. ಆಮೇಲೆ ಸಣ್ಣ ಕಾನ್ಫರೆನ್ಸ್‌ಗಳ ಸಾಲೇ ಬಂತು. ಎಷ್ಟೋ ಕಡೆ ಕ್ಯಾಮೆರಾ ಹಿಡಿಯುವವರು, ಸ್ಕೋರ್ ಪಟ್ಟಿ ಹಾಕುವವರು ಅದೇ ಕಾಲೇಜಿನ ವಿದ್ಯಾರ್ಥಿಗಳು. ಮಂಗಳವಾರ ಸಂಜೆಯ ಒಂದು ವಾಲಿಬಾಲ್ ಪಂದ್ಯಕ್ಕೆ ಹಿಂದೆ ಯಾವ ಚಾನೆಲ್ ಜಾಗ ಕೊಡುತ್ತಿತ್ತು ಹೇಳಿ?

ನನ್ನ ತಕರಾರು ಇರುವುದು ಊರಿಗೆ ಊರೇ ಕಾಯುವ ಪಂದ್ಯಕ್ಕೆ ಬೀಗ ಹಾಕುವುದರ ಬಗ್ಗೆ. 2024ರ ಫೆಬ್ರುವರಿ 15ರ ರಾತ್ರಿ ನೆನಪಿದೆಯಾ? ಐಯೊವಾದ ಕೇಟ್ಲಿನ್ ಕ್ಲಾರ್ಕ್‌ಗೆ ಎನ್‌ಸಿಎಎ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಒಟ್ಟು ಅಂಕಗಳ ದಾಖಲೆ ಮುರಿಯಲು ಬೇಕಿದ್ದದ್ದು 8 ಅಂಕ. ಎದುರಾಳಿ ಮಿಶಿಗನ್. ಮೊದಲು ಬುಟ್ಟಿಯ ಹತ್ತಿರ ನುಗ್ಗಿ 2 ಅಂಕ. ಆಮೇಲೆ ದೂರದಿಂದ 3. ಇನ್ನೊಂದು ಸಲ ಚೆಂಡು ಕೈಗೆ ಬಂದಾಗ ಅಂಗಳದ ನಡುವೆ ಬಿಡಿಸಿದ ಲಾಂಛನದ ಹತ್ತಿರದಿಂದಲೇ ಎಸೆದಳು, ನೇರ ಬುಟ್ಟಿಗೆ. ಆಟ ಶುರುವಾಗಿ ಎರಡೂಕಾಲು ನಿಮಿಷವೂ ಆಗಿರಲಿಲ್ಲ. ಅವತ್ತು ಅವಳು ಹೊಡೆದದ್ದು 49. ಐಯೊವಾದ ಮನೆಮನೆಯಲ್ಲೂ ಅವಳ ಹೆಸರಿತ್ತು, ಪಂದ್ಯ ಮಾತ್ರ ಪೀಕಾಕ್ ಚಂದಾ ಕೊಟ್ಟವರಿಗೆ. ಅಂಥ ರಾತ್ರಿಯನ್ನು ಎಲ್ಲರಿಗೂ ತೋರಿಸಬೇಕಿತ್ತು.

ಪ್ರಶ್ನೆ: ಇಂಥ ಪಂದ್ಯ ಎಲ್ಲರಿಗೂ ತೋರಿಸಲೇಬೇಕು ಅನ್ನುವ ಕಾನೂನು ಇಲ್ಲವೇ? (ಶಿವಮೊಗ್ಗದ ಓದುಗರು)

ಉತ್ತರ: ನಮ್ಮಲ್ಲಿ 2007ರ ಕಾಯ್ದೆ ಇದೆ. ರಾಷ್ಟ್ರೀಯ ಮಹತ್ವದ್ದು ಅಂತ ಸರ್ಕಾರ ಗುರುತಿಸಿದ ಪಂದ್ಯಗಳ ಪ್ರಸಾರವನ್ನು ದೂರದರ್ಶನದ ಜೊತೆ ಹಂಚಿಕೊಳ್ಳಬೇಕು. ಅಮೆರಿಕದಲ್ಲಿ ಕಾಲೇಜು ಆಟಕ್ಕೆ ಅಂಥ ರಕ್ಷಣೆ ಇಲ್ಲ. ಸರ್ಕಾರಿ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯವಾದರೂ ಅಷ್ಟೇ.

ಪ್ರಶ್ನೆ: ಮೂರು ನಾಲ್ಕು ಚಂದಾ ಕಟ್ಟಿ ಸಾಕಾಯಿತು. ಖರ್ಚು ಇಳಿಸುವ ದಾರಿ ಹೇಳಿ. (ಡಲ್ಲಾಸ್‌ನ ಓದುಗರು)

ಉತ್ತರ: ವರ್ಷದ ಚಂದಾ ಬೇಡ, ತಿಂಗಳ ಲೆಕ್ಕದಲ್ಲಿ ತಗೊಳ್ಳಿ. ನಿಮ್ಮ ತಂಡದ ವೇಳಾಪಟ್ಟಿಯಲ್ಲಿ ಯಾವ ಪಂದ್ಯ ಎಲ್ಲಿ ಅಂತ ಮೊದಲೇ ಗುರುತು ಹಾಕಿಡಿ. ಆದರೆ ಕೆಲವು ಪಂದ್ಯಗಳ ಚಾನೆಲ್ ತಿಳಿಯುವುದು 12 ದಿನ, ಕೆಲವು ಸಲ 6 ದಿನ ಮುಂಚೆ ಮಾತ್ರ. ತಿಂಗಳು ಮುಗಿಯುವ ಮುಂಚೆ ರದ್ದು ಮಾಡಲು ಫೋನಿನಲ್ಲಿ ಅಲಾರಂ ಇಡಿ. ಆ್ಯಂಟೆನಾ ಒಂದು ಕೊಂಡರೆ ಸಿಬಿಎಸ್, ಎನ್‌ಬಿಸಿ, ಎಬಿಸಿ, ಫಾಕ್ಸ್ ಪುಕ್ಕಟೆ ಸಿಗುತ್ತವೆ. ಎಲ್ಲ ಚಾನೆಲ್ ಒಟ್ಟಿಗೆ ಕೊಡುವ ಸೇವೆಗಳನ್ನೂ ಪೂರ್ತಿ ನಂಬಬೇಡಿ. 2025ರ ಅಕ್ಟೋಬರ್ ಕೊನೆಯಿಂದ ಎರಡು ವಾರ ಡಿಸ್ನಿ ಮತ್ತು ಯೂಟ್ಯೂಬ್ ಟಿವಿ ಜಗಳದಲ್ಲಿ ಡಿಸ್ನಿಯದೇ ಆದ ಇಎಸ್‌ಪಿಎನ್ ಆ ಸೇವೆಯಲ್ಲಿ ಕಾಣದೆ ಹೋಯಿತು, ಅದೂ ಫುಟ್‌ಬಾಲ್ ಬಿರುಸಿನ ಹೊತ್ತಿನಲ್ಲಿ.

ಇನ್ನೊಂದು ದಾರಿ ರೇಡಿಯೊ. ಅಕ್ಕನ ಮನೆಗೆ ಹೋಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು, ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಶನಿವಾರ ಮಧ್ಯಾಹ್ನ ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಅಂಗಡಿ ಚೀಟಿ, ಅದರ ಹಿಂದೆ ಹೆಂಡತಿ ಬರೆದಿಟ್ಟ ಮೂರು ಪಾಸ್‌ವರ್ಡ್, ಎರಡು ಹೊಡೆದು ಹಾಕಿದ್ದವು. ನಾನೂ ಭಾವನೂ ಹೋಗಿ ಅರ್ಧ ಗಂಟೆ ಒದ್ದಾಡಿದೆವು. ದುಡ್ಡು ಕಟ್ಟಿದ್ದರೂ ಆ್ಯಪ್ ಒಳಗೆ ಬಿಡಲೇ ಇಲ್ಲ, ಬಿಳಿ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಅವರು ರಿಮೋಟ್ ಸೋಫಾದ ಮೇಲಿಟ್ಟು, ನಮ್ಮಿಬ್ಬರನ್ನೂ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಕಾರಿನ ರೇಡಿಯೊ ಹಾಕಿದರು. ಉಳಿದ ಪಂದ್ಯ ಅಲ್ಲೇ ಕೇಳಿದೆವು. ಅವರ ತಂಡ ಮುಂದೆ ಹೋದಾಗಲೆಲ್ಲ ಸ್ಟೀರಿಂಗ್ ಮೇಲೆ ಎರಡು ಸಲ ತಟ್ಟುತ್ತಿದ್ದರು.